ಇಮಾಮಸಾಬರು ಕುಡಿಸಿದ ಚಹಾ

ಹೋದ ತಿಂಗಳು ಒಂದು ಮದುವೆಗೆಂದು ಗದಗಕ್ಕೆ ಹೋಗಿದ್ದೆ. ಬೆಟಗೇರಿ ರಸ್ತೆಯ ಗಾದಿ ಅಂಗಡಿಯೊಂದರ ಮುಂದೆ ಹಾಯುವಾಗ ಕಾಲು ತಾನಾಗಿ ನಿಂತಿತು. ಒಳಗೆ ಯಂತ್ರ ಹತ್ತಿ ಹಿಂಜುತ್ತಿತ್ತು. ಆಗತಾನೆ ಹಿಂಜಿದ ಅರಳೆಗೆ ಒಂದು ವಾಸನೆ ಇರುತ್ತದೆ, ಒಣ ಮಣ್ಣು ಮತ್ತು ಬೀಜದೆಣ್ಣೆ ಸೇರಿದಂಥದ್ದು. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು: ಹಳೆಯ ಕರಿಮರ, ಮೇಣ, ಬಾಯಿಯ ಎಂಜಲು. ಅದು ಆ ಅಂಗಡಿಯಲ್ಲಿ ಇರಲು ಸಾಧ್ಯವೇ ಇರಲಿಲ್ಲ. ಅದು ಇಮಾಮಸಾಬರ ಕ್ಲಾರಿನೆಟ್ ಪೆಟ್ಟಿಗೆಯ ವಾಸನೆ. ಅವರು ಆ ಪೆಟ್ಟಿಗೆಗೆ ತಾವೇ ಹಿಂಜಿದ ಹತ್ತಿ ತುಂಬುತ್ತಿದ್ದರು. ಮೂಗು ಸುಳ್ಳು ಹೇಳುತ್ತದೆ ಅನ್ನುವುದು ನನಗೆ ಗೊತ್ತು. ಆದರೂ ಹುಬ್ಬಳ್ಳಿಗೆ ಮರಳಿದ ಕೂಡಲೇ ಟ್ರಂಕು ತೆರೆದು ೧೯೮೩ರ ಡೈರಿಯನ್ನು ಹುಡುಕಿದೆ. ಅದರ ಕೆಳಗೆ ಸ್ವರ ಬರೆದಿಟ್ಟ ನೋಟ್‌ಬುಕ್ಕೂ ಇತ್ತು.

ಈ ಬರಹಕ್ಕೆ ಕಾರಣ ಆ ನೋಟ್‌ಬುಕ್ಕಿನ ಒಂದು ಪುಟ. ಅದನ್ನು ಈಗಲೇ ಹೇಳಿಬಿಟ್ಟರೆ, ಆ ವರ್ಷ ನಾನು ಏನು ನಂಬಿಕೊಂಡು ಬದುಕಿದೆ ಎನ್ನುವುದು ತಿಳಿಯುವುದಿಲ್ಲ. ಆದ್ದರಿಂದ ನಂಬಿದ್ದನ್ನೇ ಮೊದಲು ಬರೆಯುತ್ತೇನೆ.

ಧಾರವಾಡದಲ್ಲಿ ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಕಾಲೇಜುಗಳಿಗೆ ಅರ್ಜಿ ಹಾಕುತ್ತ, ಗದಗಿನ ಒಂದು ಆರ್ಕೆಸ್ಟ್ರಾದಲ್ಲಿ ಪಿಟೀಲು ಬಾರಿಸುತ್ತ ಇದ್ದೆ. ಗಣಪತಿ ಹಬ್ಬಕ್ಕೆ, ಮದುವೆಗಳಿಗೆ ಸಿನಿಮಾ ಹಾಡು ಹಾಡುವ ಹದಿನಾಲ್ಕು ಜನರ ತಂಡ ಅದು. ಮುಂದೆ ದೀಪದ ಬೆಳಕಿನಲ್ಲಿ ಹಾಡುವವರು, ಹಿಂದೆ ಅರೆಗತ್ತಲಲ್ಲಿ ನಾವು. ಕ್ಲಾರಿನೆಟ್ಟಿಗೆ ಲಕ್ಷ್ಮೇಶ್ವರದ ಇಮಾಮಸಾಬರು. ಅರವತ್ತರ ಹತ್ತಿರ ಬಂದಿದ್ದರು. ಮನೆತನದ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ಹಾರ್ಮೋನಿಯಮ್ಮಿಗೆ, ನಮ್ಮ ಕಡೆಯ ಮಾತಿನಲ್ಲಿ ಪೇಟಿಗೆ, ಬೆಟಗೇರಿಯ ನೇಕಾರ ಶಿವಪ್ಪ. ತಬಲಾಕ್ಕೆ ಶಿರಹಟ್ಟಿಯ ಫಕೀರಪ್ಪ. ದರ್ಜಿ, ನನ್ನ ವಾರಿಗೆಯವನು, ಬಾಯಿ ಮುಚ್ಚಿ ಕೂತದ್ದನ್ನು ಯಾರೂ ಕಂಡವರಿಲ್ಲ.

ಸೇರಿದ ಮೊದಲ ದಿನವೇ ಇಮಾಮಸಾಬರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಪಾಠ ಹೇಳಿದ್ದರು.

"ಬೇಟಾ, ಹಾಡಾಂವ ಒಂದು ಚರಣಾ ಬಿಟ್ಟು ಮುಂದ ಜಿಗದ ಅಂದ್ರ, ನೀನೂ ಜಿಗಿ. ನಿನ್ನ ಕಾಗದದಾಗ ಏನ ಬರದೈತಿ ಅಂತ ನೋಡಕೋತ ಕೂಡಬ್ಯಾಡ. ಎಲ್ಲಾರೂ ಹೋದ ಕಡೆ ಹೋದಿ ಅಂದ್ರ ಅದ ಹಾಡು. ನಿಂತಾಂವ ತಪ್ಪಿದಾಂವ."

ಆರ್ಕೆಸ್ಟ್ರಾ ನಡೆಯುತ್ತಿದ್ದದ್ದೇ ಹಾಗೆ. ಯಾರಾದರೂ ತಪ್ಪಿದರೆ ಉಳಿದ ಹದಿಮೂರು ಜನ ಅವನ ಹಿಂದೆ ಹೋಗಿ ಆ ತಪ್ಪನ್ನು ಮುಚ್ಚಿಬಿಡುತ್ತಿದ್ದರು. ಕೇಳುವವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಇನ್ನೊಂದು ರೂಢಿಯೂ ಇತ್ತು. ವೇದಿಕೆಯ ಮೇಲೆ ಯಾರು ತಪ್ಪಿದರು ಎಂಬುದನ್ನು ಬಾಯಿಬಿಟ್ಟು ಆಡುವಂತಿಲ್ಲ. ತಪ್ಪಿದವನು ಮರುದಿನ ಬೆಳಿಗ್ಗೆ ತಾನಾಗಿ ಎಲ್ಲರಿಗೂ ಚಹಾ ಕುಡಿಸಬೇಕು, ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಯಾರೂ ಎತ್ತಬಾರದು; ಚಹಾದ ಲೆಕ್ಕ ಹಿಡಿದು ನಗೆಯಾಡಬಹುದು, ಅಷ್ಟೇ.

"ಶಿವಪ್ಪಣ್ಣ, ಈ ತಿಂಗಳ ನಿನ್ನ ಚಹಾ ಕುಡದು ಕುಡದು ನನಗ ಪಿತ್ತ ಕೆರಳೇತಿ. ಒಂದ ಸಲ ಆದ್ರೂ ಸರಿ ಬಾರಸೋ ಮಾರಾಯ," ಎಂದು ಫಕೀರಪ್ಪ ಅನ್ನುತ್ತಿದ್ದ.

"ನಿನ್ನ ತಬಲಾ ಕೇಳಿ ಮಂದಿಗೆ ಕಿವಿ ಕೆರಳತಾವ, ಅದಕ ಯಾರ ಕುಡಸ್ತಾರಲೇ?" ಎಂದು ಶಿವಪ್ಪ ತಿರುಗಿಸಿ ಕೊಡುತ್ತಿದ್ದ.

ಆ ವರ್ಷ ಆಷಾಢದಲ್ಲಿ ಆರ್ಕೆಸ್ಟ್ರಾಕ್ಕೆ ಕೆಲಸವಿರಲಿಲ್ಲ. ಹೊರಗೆ ಮೋಡ ಕಟ್ಟುತ್ತಿತ್ತು, ಗಾಳಿ ಬೀಸುತ್ತಿತ್ತು, ಮಳೆ ಮಾತ್ರ ಹನಿ ಹಾಕಿ ಹೋಗುತ್ತಿತ್ತು. ಒಂದು ಸೋಮವಾರ, ಮಗ್ಗಕ್ಕೆ ಬಿಡುವಿದ್ದ ದಿನ, ನಾವು ನಾಲ್ವರೂ ಶಿವಪ್ಪನ ಮಗ್ಗದ ಮನೆಯಲ್ಲಿ ಸುಮ್ಮನೆ ಕೂತಿದ್ದೆವು. ಆಗ ಇಮಾಮಸಾಬರು ಅಂದದ್ದು ಡೈರಿಯಲ್ಲಿ ಹಾಗೆಯೇ ಇದೆ.

"ಹಾಡಾವ್ರು ಉಸರ ತಗೊಳ್ಳಾಕ ಬಾಯಿ ಮುಚ್ಚಿದಾಗ ನಾವು ಬಾರಸ್ತೀವಿ. ಮೂವತ್ತು ವರ್ಷ ಆತು. ನಮ್ಮ ಉಸರಿನ ಬಾರಿ ಯಾವಾಗ್ರೋ?"

 ಶಿವಪ್ಪ ಪೇಟಿಯ ಮೇಲಿನ ಅರಿವೆ ತೆಗೆದ. ನಮ್ಮ ಬೈಠಕ್ ಶುರುವಾದದ್ದು ಹೀಗೆ. ಹಾಡುವವರಿಲ್ಲ, ಮೈಕಿಲ್ಲ, ನಾಲ್ಕೇ ವಾದ್ಯ. ಆರ್ಕೆಸ್ಟ್ರಾದ ಕತ್ತಲಿನಿಂದ ಎದ್ದು ಬಂದ ನಾಲ್ಕು ಜನ ತಮಗಾಗಿ ತಾವೇ ಬಾರಿಸುವುದು. ಫಕೀರಪ್ಪ ಅದಕ್ಕೆ 'ನಾಕ ಗಾಲಿ ಬಂಡಿ' ಎಂದು ಹೆಸರಿಟ್ಟ. "ಎತ್ತ ಇಲ್ಲ, ಗಾಲಿ ಅಷ್ಟ ಅದಾವ," ಎಂದ.

ಅವನು ನಗೆಯಾಡಿದ್ದು ಎಷ್ಟು ಸರಿಯಾಗಿತ್ತು ಎನ್ನುವುದು ಮುಂದಿನ ಸೋಮವಾರವೇ ತಿಳಿಯಿತು. ಪೀಲೂ ರಾಗದಲ್ಲಿ ಒಂದು ಸಣ್ಣ ಧುನ್, ಮಾತಿಲ್ಲದ ಹಾಡು, ಎತ್ತಿಕೊಂಡೆವು. ನಾನು ಶಿವಪ್ಪನ ಪೇಟಿಯನ್ನು ಕಾದೆ, ಶಿವಪ್ಪ ಕ್ಲಾರಿನೆಟ್ಟನ್ನು ಕಾದ, ಇಮಾಮಸಾಬರು ತಬಲಾವನ್ನು ಕಾದರು, ಫಕೀರಪ್ಪ ನನ್ನ ಕೈ ನೋಡುತ್ತಿದ್ದ. ಪ್ರತಿಯೊಬ್ಬರೂ ಕೂದಲೆಳೆಯಷ್ಟು ಹಿಂದೆ. ಲಯ ಇಳಿಯುತ್ತ ಇಳಿಯುತ್ತ ಮೂರನೆಯ ಸುತ್ತಿನಲ್ಲಿ ಪೂರಾ ನಿಂತೇಹೋಯಿತು. ಯಾರೂ ತಪ್ಪಿರಲಿಲ್ಲ, ಆದರೆ ಹಾಡು ಸತ್ತಿತ್ತು.

"ಚಾಚಾ, ಇದು ಧುನ್ನೋ, ಹೆಣಾ ಒಯ್ಯಾಕತ್ತೀವೋ?" ಎಂದ ಫಕೀರಪ್ಪ.

ಶಿವಪ್ಪ ನಗಲಿಲ್ಲ. "ಇಷ್ಟು ವರ್ಷ ಬ್ಯಾರೇದವ್ರ ಬೆನ್ನ ನೋಡಿ ಬಾರಿಸೇವಿ. ಈಗ ಮುಂದ ಬೆನ್ನ ಇಲ್ಲ ಅಂದ್ರ ದಾರೀನ ಕಾಣವಲ್ದು," ಎಂದ.

ನಾಲ್ಕು ಸೋಮವಾರ ಹೀಗೆಯೇ ಹೋಯಿತು. ಐದನೆಯದಕ್ಕೆ ಇಮಾಮಸಾಬರು ನಮ್ಮನ್ನು ಸಾಲಿನಿಂದ ಎಬ್ಬಿಸಿ, ನೇಕಾರ ಕಾಲಿಳಿಸುವ ಮಗ್ಗದ ಕುಣಿಯ ಪಕ್ಕದ ನೆಲದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ದುಂಡಗೆ ಕೂರಿಸಿದರು. "ಕೈ ನೋಡಬ್ಯಾಡ್ರಿ, ಕಣ್ಣ ನೋಡ್ರಿ. ಯಾರೂ ಯಾರನ್ನೂ ಕಾಯಬ್ಯಾಡ್ರಿ. ಅವನವನ ಜಾಗಾದಾಗ ಅಂವ ಇರ್ಲಿ. ತಪ್ಪಿದಾಂವ ತಿರುಗಿ ಬರತಾನ."

ಇದು ಅವರು ನನಗೆ ಕಲಿಸಿದ್ದ ಮೊದಲ ಪಾಠಕ್ಕೆ ತದ್ವಿರುದ್ಧವಾಗಿತ್ತು. ನಾನು ಅದನ್ನು ಹೇಳಿದೆ. ಅವರು ನಕ್ಕರು. ಮುಂದಿನ ಹಲ್ಲೊಂದು ಆಗಲೇ ಅಲುಗಾಡುತ್ತಿತ್ತು, ನಗುವಾಗ ನಾಲಿಗೆಯಿಂದ ಒತ್ತಿ ಹಿಡಿಯುತ್ತಿದ್ದರು. "ಅದು ನೌಕರಿ. ಇದು ನಮ್ದು," ಎಂದರು.

ಪ್ರತಿಯೊಬ್ಬನ ಜಾಗ ಯಾವುದು ಎಂದು ತೀರ್ಮಾನಿಸಲು ಬರಹ ಬೇಕಾಯಿತು. ಅದು ನನ್ನ ಪಾಲಿಗೆ ಬಂತು. ಕನ್ನಡದಲ್ಲಿ ಸ್ವರಗಳನ್ನು ಬರೆದು, ಎಲ್ಲಿ ಯಾರು, ಎಷ್ಟು ಸಲ ಎಂದು ಗೆರೆ ಹಾಕಿ ತೋರಿಸುವ ನೋಟ್‌ಬುಕ್ಕೊಂದನ್ನು ಮಾಡಿದೆ. ಇಮಾಮಸಾಬರಿಗೆ ಉರ್ದು ಮಾತ್ರ ಓದಲು ಬರುತ್ತಿತ್ತು. ಅವರು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು. ಜಗಳವಾದರೆ "ಶೇಖರಾ, ಪುಸ್ತಕದಾಗ ಏನೈತಿ?" ಎಂದು ಕೇಳುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ. ಮೂವತ್ತು ವರ್ಷ ಅನುಭವವಿದ್ದವರು ನನ್ನ ಓದಿಗೆ ತಲೆಬಾಗುತ್ತಿದ್ದರು. ಅದು ನನಗೆ ಎಷ್ಟು ಇಷ್ಟವಾಗುತ್ತಿತ್ತು ಎಂಬುದನ್ನು ಡೈರಿ ಬರೆದಿಲ್ಲ. ನಾನೇ ಬರೆಯುತ್ತಿದ್ದೇನೆ.

ಶ್ರಾವಣದ ಕೊನೆಗೆ ಬಂಡಿ ಓಡಿತು. ಆ ದಿನ ನಿಜಕ್ಕೂ ಮಳೆ ಬಂದಿತ್ತೋ, ನಾನೇ ಆಮೇಲೆ ಸೇರಿಸಿಕೊಂಡೆನೋ ಹೇಳಲಾರೆ. ಧುನ್ ಮುಗಿದಾಗ ಶಿವಪ್ಪನ ಹೆಂಡತಿ ಬಾಗಿಲಲ್ಲಿ ನೂಲಿನ ಕಂಡಿಕೆ ಸುತ್ತುವುದನ್ನು ಬಿಟ್ಟು ನಿಂತಿದ್ದರು. "ಇದು ನೀವ ಬಾರಿಸಿದ್ರಿ? ನಾ ರೇಡಿಯೋ ಅನ್ಕೊಂಡಿದ್ದೆ," ಎಂದರು. ಶಿವಪ್ಪ, "ರೇಡಿಯೋಕ್ಕ ನಿನ್ನಂಗ ಬೈಯಾಕ ಬರಂಗಿಲ್ಲ, ಅದಕ ನಂಬಿದಿ," ಎಂದ. ಇಮಾಮಸಾಬರು ಕ್ಲಾರಿನೆಟ್ಟಿನ ಕೀಲುಗಳನ್ನು ಬಿಡಿಸಿ, ಒಂದೊಂದನ್ನೂ ಅರಿವೆಯಿಂದ ಒರೆಸಿ, ಹತ್ತಿಯೊಳಗೆ ಇಡುತ್ತಿದ್ದರು. 

ಗಣಪತಿ ಹಬ್ಬ ಬಂತು, ಆರ್ಕೆಸ್ಟ್ರಾ ಮತ್ತೆ ಊರೂರು ತಿರುಗತೊಡಗಿತು. ಆಗಲೇ ಮಾಲಕ ವೀರಣ್ಣನವರಿಗೆ ನಮ್ಮ ಸೋಮವಾರಗಳ ಖಬರು ಹೋಯಿತು. ವೀರಣ್ಣನವರು ಕೆಟ್ಟವರಲ್ಲ. ನಮ್ಮ ಮದುವೆ, ಬಾಣಂತನ, ಸಾವುಗಳಿಗೆಲ್ಲ ಬಂದು ನಿಂತವರು. ಅವರು ನಮ್ಮನ್ನು ಕರೆಸಿದ್ದು ಬೈಯುವುದಕ್ಕಲ್ಲ. ಮೇಜಿನ ಮೇಲೆ ಅರಿವೆ ಹೊದಿಸಿದ್ದ ಉದ್ದನೆಯ ಪೆಟ್ಟಿಗೆ ಇತ್ತು. ಅರಿವೆ ಸರಿಸಿದರು. ಕರೆಂಟಿನ ಕೀಬೋರ್ಡು.

"ಇಮಾಮೂ, ನಿನ್ನ ಮ್ಯಾಲ ನಂಗೇನ ಸಿಟ್ಟಿಲ್ಲೋ. ಇದರಾಗ ಕೊಳಲ ಐತಿ, ಸಿತಾರ ಐತಿ, ನಿನ್ನ ಕ್ಲಾರಿನೆಟ್ಟೂ ಐತಿ. ಗುಂಡಿ ಒತ್ತಿದ್ರ ಆತು. ಇದಕ ಹಲ್ಲಿಲ್ಲ, ಬೀಳೂ ಚಿಂತೀನೂ ಇಲ್ಲ. ಹೋದ ವಾರ ಲಕ್ಷ್ಮೇಶ್ವರದಾಗ ನಿಂದು ಎರಡ ಸಲ ಸ್ವರಾ ಒಡೀತು. ನಾ ಕೇಳಿದೆ."

"ಹೌದ್ರಿ ಮಾಲಕ್ರ," ಎಂದರು ಇಮಾಮಸಾಬರು.

ಶಿವಪ್ಪನಿಗೆ ತಡೆಯಲಾಗಲಿಲ್ಲ. "ಮಾಲಕ್ರ, ನಮ್ಮ ಬೈಠಕ್‌ನ್ಯಾಗ ಇಮಾಮೂನ ಕೇಳ್ರಿ ಒಮ್ಮೆ. ಆ ಡಬ್ಬೀನ ಹೊಳಿಗೆ ಹಾಕ್ತೀರಿ."

 ಮುಂಡರಗಿಯ ವಾಚನಾಲಯದಲ್ಲಿ ದಸರೆ ಮುಗಿದ ಮೇಲೆ ನಮ್ಮ ಮೊದಲ ಕಾರ್ಯಕ್ರಮ ನಿಕ್ಕಿಯಾಗಿತ್ತು. ಹಿರೇವಡ್ಡಟ್ಟಿಯ ನಿವೃತ್ತ ಶಾಲಾ ಮಾಸ್ತರರೊಬ್ಬರು ಹಟ ಹಿಡಿದು ಏರ್ಪಡಿಸಿದ್ದರು. ವೀರಣ್ಣನವರು, "ಆತು. ನಾನ ಬರ್ತೀನಿ. ಒಂದ ತಾಸು ಇಮಾಮು ಸ್ವರಾ ಒಡೀದಂಗ ಊದಿದ್ರ, ಕೀಬೋರ್ಡ್ ಬಂದ್ರೂ ಅವನ ಕುರ್ಚಿ ಅವಂದು. ಒಡದ್ರ ದೀಪಾವಳಿಗೆ ನಾ ಬ್ಯಾರೆ ವ್ಯವಸ್ಥಾ ಮಾಡ್ಕೋತೀನಿ. ಆಮ್ಯಾಲ ಯಾರೂ ಏನೂ ಅನ್ನಬಾರದು," ಎಂದರು.

ಹೊರಗೆ ಬಂದ ಮೇಲೆ ಫಕೀರಪ್ಪ, "ಚಾಚಾ, ಆ ಹಲ್ಲಿಗೆ ನಾ ಮಷೀನ್ ಹೊಲಗಿ ಹಾಕ್ಲೇನು?" ಎಂದ. ಇಮಾಮಸಾಬರು ನಗಲಿಲ್ಲ. ಕ್ಲಾರಿನೆಟ್ಟಿನ ಬಾಯಿಯನ್ನು ಮೇಲಿನ ಹಲ್ಲಿನಿಂದ ಒತ್ತಿ ಹಿಡಿಯಬೇಕು. ಆ ಹಲ್ಲೇ ಅಲುಗಾಡುತ್ತಿತ್ತು. ಮೇಲಾಗಿ ಹತ್ತಿಯ ಧೂಳು ಕುಡಿದ ಎದೆ. ಅವರಿಗೆ ಬೇಕಾಗಿದ್ದದ್ದು ಎತ್ತರದ ಸ್ವರಕ್ಕೆ ಹೋಗುವ ಮೊದಲು ಒಂದಿಷ್ಟು ಬಿಡುವು, ಅಷ್ಟೇ.

ಮುಂಡರಗಿಗೆ ನಾವು ಮಧ್ಯಾಹ್ನದ ಬಸ್ಸಿಗೆ ಹೋದೆವು. ಡಂಬಳ ದಾಟಿದ ಮೇಲೆ ಬಲಕ್ಕೆ ಕಪ್ಪತಗುಡ್ಡ, ಎಡಕ್ಕೆ ಜೋಳ ಬಿತ್ತಿದ ಕರಿ ಹೊಲ. ಇಮಾಮಸಾಬರು ಕ್ಲಾರಿನೆಟ್ಟಿನ ಮೇಲಿನ ತುಂಡನ್ನು ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಟ್ಟುಕೊಂಡಿದ್ದರು. ಮರ ತಣ್ಣಗಾದರೆ ಸ್ವರ ಇಳಿಯುತ್ತದೆ, ಪೇಟಿಗೆ ಕೂಡುವುದಿಲ್ಲ. ಅಷ್ಟು ನನಗೆ ಸ್ಪಷ್ಟ ನೆನಪಿದೆ. ಬಸ್ಸಿನಲ್ಲಿ ಏನು ಮಾತಾಡಿದೆವು ಎಂಬುದು ನೆನಪಿರಲಿಲ್ಲ. ಡೈರಿಯಲ್ಲೂ ಇಲ್ಲ.

ವಾಚನಾಲಯದ ವೇದಿಕೆ ಅಗಲ ಕಡಿಮೆ, ಉದ್ದ ಹೆಚ್ಚು. ನಾವು ದುಂಡಗೆ ಕೂರಲು ಹೋದರೆ ಮಾಸ್ತರರು ಒಪ್ಪಲಿಲ್ಲ. "ಮಂದಿಗೆ ಮಾರಿ ಕಾಣಬೇಕ್ರಿ. ಬೆನ್ನ ತೋರಿಸಿ ಕೂತ್ರ ಹ್ಯಾಂಗ? ಕೊರ್ಲಹಳ್ಳಿಯಿಂದ, ಹಮ್ಮಿಗಿಯಿಂದ ಮಂದಿ ಬಂದಾರ," ಎಂದರು. ಸಾಲಾಗಿ ಕೂತೆವು. ಈ ತುದಿಗೆ ನಾನು, ಆ ತುದಿಗೆ ಇಮಾಮಸಾಬರು, ನಡುವೆ ಪೇಟಿ ಮತ್ತು ತಬಲಾ. ನೋಟ್‌ಬುಕ್ಕನ್ನು ನಾನು ತೊಡೆಯ ಕೆಳಗೆ ಸೇರಿಸಿದೆ. ಮೊದಲ ಸಾಲಿನಲ್ಲಿ ವೀರಣ್ಣನವರು ಕೂತಿದ್ದರು. ಅವರೆದುರು ಪುಸ್ತಕ ನೋಡಿ ಬಾರಿಸಲು ನಾಚಿಕೆಯಾಯಿತು.

ಮೊದಲ ಮೂರು ಧುನ್ ಚೆನ್ನಾಗಿ ಹೋದವು. ಎರಡನೆಯದು ಮುಗಿದಾಗ ವೀರಣ್ಣನವರ ಬೆರಳು ಮೊಣಕಾಲಿನ ಮೇಲೆ ತಬಲಾದ ಜೊತೆಗೆ ಠೇಕಾ ಹಾಕುತ್ತಿದ್ದದ್ದನ್ನು ನಾನು ಕಂಡೆ. ಮೂರನೆಯದರಲ್ಲಿ ಇಮಾಮಸಾಬರ ಸ್ವರ ಕೆಳಗಿನ ಸಪ್ತಕದಲ್ಲಿ ಎಷ್ಟು ತುಂಬಿ ಬಂತೆಂದರೆ, ಹಿಂದಿನ ಬೆಂಚಿನಲ್ಲಿ ಮಾತಾಡುತ್ತಿದ್ದವರು ಸುಮ್ಮನಾದರು. ಇನ್ನೊಂದೇ ಉಳಿದಿತ್ತು, ಪೀಲೂ. ಅದರಲ್ಲಿ ನನ್ನ ಪಿಟೀಲಿನ ಭಾಗ ಮುಗಿದ ಕೂಡಲೇ ಕ್ಲಾರಿನೆಟ್ ಒಂದೇ ಉಸಿರಿಗೆ ತಾರಸ್ಥಾಯಿಗೆ ಏರಬೇಕು. ಒಂದು ತಾಸಿಗೆ ಇನ್ನು ಹತ್ತು ನಿಮಿಷವೂ ಇರಲಿಲ್ಲ. ಇಮಾಮಸಾಬರ ಕುರ್ಚಿ ಆ ಹತ್ತು ನಿಮಿಷದಲ್ಲಿತ್ತು. 

ನನ್ನ ಭಾಗ ಬಾರಿಸಿದೆ. ಮುಗಿಸಿದೆ. ಏರುವ ಜಾಗಕ್ಕೆ ಕಮಾನು ಎತ್ತಿದೆ. ಫಕೀರಪ್ಪ ನನ್ನೊಂದಿಗೆ ಭಾಗ ಮುಗಿಸುವ ತಿಹಾಯಿ ಹೊಡೆದು ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದ. ಶಿವಪ್ಪನ ಕೈ ಪೇಟಿಯ ಮೇಲಿನ ಸಪ್ತಕಕ್ಕೆ ಸರಿಯಿತು. ನಾವು ಮೂವರೂ ಕೂಡಿ ಸಮದ ಮೇಲೆ ಬಿದ್ದೆವು. ಕ್ಲಾರಿನೆಟ್ ಬರಲಿಲ್ಲ.

ತಾಳದ ನಾಲ್ಕು ಮಾತ್ರೆ ಖಾಲಿ ಹೋಯಿತು. ಆಮೇಲೆ ಬಂತು, ಅರ್ಧ ಉಸಿರಿನಲ್ಲಿ. ಮೇಲಿನ ಷಡ್ಜಕ್ಕೆ ಮುಟ್ಟುತ್ತಲೇ ಸ್ವರ ಒಡೆದು ಕೀಚ್ ಎಂದಿತು. ಹಿಂದೆ ಯಾರೋ ನಕ್ಕರು. ಮುಂದಿನ ಸುತ್ತಿಗೆ ಇಮಾಮಸಾಬರು ತಮ್ಮ ಜಾಗಕ್ಕೆ ಬಂದು ಕೂಡಿಕೊಂಡು ಧುನ್ ಪೂರ್ತಿ ಮುಗಿಸಿದರು. ಚೆನ್ನಾಗಿಯೇ ಮುಗಿಸಿದರು ಎಂದು ಡೈರಿಯಲ್ಲಿದೆ. ನನಗೆ ಅದು ನೆನಪಿಲ್ಲ. ವೀರಣ್ಣನವರು ಆಗಲೇ ಬಗ್ಗಿ ಚಪ್ಪಲಿ ಹುಡುಕುತ್ತಿದ್ದದ್ದು ಮಾತ್ರ ನೆನಪಿದೆ.

ಇನ್ನೊಂದು ನೆನಪು ನನ್ನಲ್ಲಿ ನಲವತ್ತು ವರ್ಷದಿಂದ ಇದೆ. ಸ್ವರ ಒಡೆದ ಕ್ಷಣ ಇಮಾಮಸಾಬರು ನನ್ನತ್ತ ನೋಡಿದರು ಎಂಬುದು. ಬೈಯುವ ನೋಟವಲ್ಲ, ಕೇಳುವ ನೋಟ. ಆದರೆ ನಾವು ಸಾಲಾಗಿ ಕೂತಿದ್ದೆವು, ಅವರು ಆ ತುದಿ, ನಾನು ಈ ತುದಿ, ನಡುವೆ ಶಿವಪ್ಪನ ದೊಡ್ಡ ದೇಹ. ಆ ನೋಟ ನನಗೆ ಕಾಣಲು ಸಾಧ್ಯವಿರಲಿಲ್ಲ. ಹಾಗಾದರೆ ಅದನ್ನು ನಾನು ಎಲ್ಲಿಂದ ತಂದೆ? ಯಾಕೆ ತಂದೆ?

ವೀರಣ್ಣನವರು ವೇದಿಕೆಯ ಹತ್ತಿರ ಬಂದರು. "ಚಲೋ ಊದಿದಿ ಇಮಾಮೂ. ಆದ್ರ..." ಎಂದು ನಿಲ್ಲಿಸಿದರು.

"ಹೌದ್ರಿ ಮಾಲಕ್ರ. ತಪ್ಪಾತು," ಎಂದರು ಇಮಾಮಸಾಬರು.

ನಾವು ಮೂವರೂ ಅಲ್ಲೇ ಇದ್ದೆವು. ಯಾರೂ ಏನೂ ಅನ್ನಲಿಲ್ಲ. ಅನ್ನಬಾರದು ಎಂಬುದು ರೂಢಿ.

ಆ ರಾತ್ರಿ ವಾಚನಾಲಯದಲ್ಲೇ ಮಲಗಿ, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಂದೆವು. ಇಮಾಮಸಾಬರು ಎಲ್ಲರಿಗಿಂತ ಮೊದಲು ಹೋಟೆಲಿನೊಳಗೆ ಹೋಗಿ ನಾಲ್ಕು ಚಹಾ ಹೇಳಿದರು. ನನ್ನ ಮುಂದೆ ಲೋಟ ತಂದಿಟ್ಟು, "ಕುಡಿ ಬೇಟಾ, ಬಿಸಿ ಐತಿ," ಎಂದರು. ಫಕೀರಪ್ಪ ಅವತ್ತು ಒಂದೂ ನಗೆಮಾತು ಆಡಲಿಲ್ಲ. ಬಿಸಿಲು ಏರುವ ಮೊದಲೇ ಗದಗ ಮುಟ್ಟಿದೆವು. ಡೈರಿಯಲ್ಲಿ ಆ ದಿನದ ಬರಹ ಇಷ್ಟೇ: 'ಪೀಲೂದಲ್ಲಿ ಇ.ಸಾ. ತಪ್ಪಿದರು. ಉಳಿದದ್ದನ್ನು ಚೆನ್ನಾಗಿ ಮುಗಿಸಿದರು. ಚಹಾ ಅವರೇ ಕುಡಿಸಿದರು.' ಅದರ ಕೆಳಗೆ ಎರಡು ಸಾಲು ಬರೆದು, ಒಂದಕ್ಷರವೂ ಕಾಣದಂತೆ ಮಸಿಯಿಂದ ಗೀಚಿದ್ದೇನೆ. ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಓದಲಾಗುವುದಿಲ್ಲ.

ನಮ್ಮ ಬೈಠಕ್ ಮತ್ತೆ ಕೂಡಲಿಲ್ಲ. ಮುಂದಿನ ಸೋಮವಾರ ಇಮಾಮಸಾಬರು ಬರಲಿಲ್ಲ. ಅದರ ಮುಂದಿನ ಸೋಮವಾರ ಶಿವಪ್ಪ ಮಗ್ಗ ನಿಲ್ಲಿಸಲಿಲ್ಲ. ದೀಪಾವಳಿಗೆ ಕೀಬೋರ್ಡು ಬಂತು. ಹೊಸ ವರ್ಷದ ಹೊತ್ತಿಗೆ ನನಗೆ ದೂರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಮೊದಲು ಒಮ್ಮೆ ಲಕ್ಷ್ಮೇಶ್ವರಕ್ಕೆ ಹೋದೆ. ಇಮಾಮಸಾಬರು ಅಂಗಳದಲ್ಲಿ ಬಿಲ್ಲು ಕಟ್ಟಿಕೊಂಡು ಹತ್ತಿ ಹಿಂಜುತ್ತಿದ್ದರು. ಬಿಲ್ಲಿನ ತಂತಿಯ ಮೇಲೆ ಮರದ ಗುಂಡು ಬಿದ್ದಾಗಲೆಲ್ಲ ಅಂಗಳ ಧಂ ಎನ್ನುತ್ತಿತ್ತು. ಮೀಸೆ, ಹುಬ್ಬು, ರೆಪ್ಪೆ ಎಲ್ಲ ಬಿಳಿ. ಹಲ್ಲು ಬಿದ್ದುಹೋಗಿತ್ತು. "ಇದು ಯಾವ ಸ್ವರಾ ಹೇಳು ನೋಡೂಣು," ಎಂದು ತಂತಿ ಮೀಟಿದರು. "ಮಂದ್ರ ಪಂಚಮ, ಚಾಚಾ," ಎಂದೆ. "ಶಾಣ್ಯಾ ಅದಿ," ಎಂದರು. ಕ್ಲಾರಿನೆಟ್ ಎಲ್ಲಿ ಎಂದು ನಾನು ಕೇಳಲಿಲ್ಲ. ಆರೇಳು ವರ್ಷದ ಮೇಲೆ ಅವರು ಎದೆಯ ಬೇನೆಯಿಂದ ತೀರಿಕೊಂಡದ್ದು ನನಗೆ ತಿಳಿಯುವಷ್ಟರಲ್ಲಿ ಅದೂ ಹಳೆಯ ಸುದ್ದಿಯಾಗಿತ್ತು. ಶಿವಪ್ಪನೂ ಈಗಿಲ್ಲ.

ಇಷ್ಟು ನಾನು ನಂಬಿದ್ದದ್ದು. ಇನ್ನು ನೋಟ್‌ಬುಕ್ಕಿನ ಪುಟ.

ಪೀಲೂ ಧುನ್ನಿನ ಪುಟದಲ್ಲಿ ನನ್ನ ಪಿಟೀಲಿನ ಭಾಗದ ಪಕ್ಕದಲ್ಲಿ, ಶಾಯಿಯ ಅಕ್ಷರಗಳ ನಡುವೆ, ಪೆನ್ಸಿಲಿನಲ್ಲಿ ಕುಲುಕಿದ ಕೈಬರಹ ಇದೆ. ನನ್ನದೇ. '೨ ಸಲ. ಇ.ಸಾ. ದಮ್ಮಿಗೆ.'

ಎರಡು ಸಲ, ಇಮಾಮಸಾಬರ ದಮ್ಮು ಹಿಡಿಯಲಿಕ್ಕೆ.

ನಾನು ಒಮ್ಮೆ ಬಾರಿಸಿ ಮುಂದೆ ಹೋಗಿದ್ದೆ.

ಬಹಳ ಹೊತ್ತು ಆ ಪುಟದೊಂದಿಗೆ ವಾದ ಮಾಡಿದೆ. ಆಮೇಲೆ ಯಾವಾಗಲೋ ಬರೆದಿರಬಹುದಲ್ಲ? ಆದರೆ ಮುಂಡರಗಿಯ ನಂತರ ನಾವು ಒಮ್ಮೆಯೂ ಕೂಡಿ ಬಾರಿಸಲಿಲ್ಲ. ಮುಂಚಿನ ಸೋಮವಾರಗಳಲ್ಲಿ ಬರೆದದ್ದಾದರೆ? ಮಗ್ಗದ ಮನೆಯಲ್ಲಿ ನಾನು ಯಾವಾಗಲೂ ಶಾಯಿಯಲ್ಲೇ ಬರೆದಿದ್ದೇನೆ, ಅಕ್ಷರ ಎಲ್ಲೂ ಕುಲುಕಿಲ್ಲ. ಇದು ಓಡುವ ಬಸ್ಸಿನ ಅಕ್ಷರ. ಈಗ ನನಗೆ ಬಸ್ಸಿನ ಮಾತೂ ಕೇಳಿಸುತ್ತದೆ. "ಶೇಖರಾ, ನಿಂದು ಎರಡ ಸಲ ಮಾಡೋ. ಅಷ್ಟರಾಗ ನಾ ಎದಿ ತುಂಬ್ಕೋತೀನಿ." ಈ ಮಾತು ನೆನಪಾದದ್ದೋ, ಪೆನ್ಸಿಲ್ ಗುರುತು ಹುಟ್ಟಿಸಿದ್ದೋ, ನನಗೆ ಹೇಳಲಾಗುವುದಿಲ್ಲ. ಆದರೆ ಗುರುತನ್ನು ಯಾವ ನೆನಪೂ ಹುಟ್ಟಿಸಿದ್ದಲ್ಲ. ಅದು ಕಾಗದದ ಮೇಲಿದೆ. ಆ ಸಂಜೆ ಅದು ನನ್ನ ತೊಡೆಯ ಕೆಳಗಿತ್ತು.

ಅಂದರೆ ಇಮಾಮಸಾಬರು ತಮ್ಮ ಜಾಗದಲ್ಲೇ ಇದ್ದರು. ಎರಡನೆಯ ಸುತ್ತಿಗೆ ಕಾಯುತ್ತ, ಉಸಿರು ತುಂಬಿಕೊಳ್ಳುತ್ತ ಇದ್ದರು. ನಾನು ಜಿಗಿದೆ. ಫಕೀರಪ್ಪ, ಶಿವಪ್ಪ ನನ್ನ ಹಿಂದೆ ಜಿಗಿದರು. ಮಗ್ಗದ ಮನೆಯಲ್ಲಿ ಮೂರು ತಿಂಗಳು ಬಿಡಿಸಿಕೊಂಡಿದ್ದ ಚಟ, ಒಬ್ಬರ ಕಣ್ಣು ಒಬ್ಬರಿಗೆ ಕಾಣದ ಆ ಸಾಲಿನಲ್ಲಿ ಕೂತ ಕೂಡಲೇ ಮರಳಿ ಬಂದಿತ್ತು. ಜಾಗ ಬಿಟ್ಟವರು ಮೂವರು, ಆದರೆ ಒಡೆದು ಕೇಳಿಸಿದ್ದು ಒಬ್ಬರ ಸ್ವರ.

ಮರುವಾರ ಶಿರಹಟ್ಟಿಗೆ ಹೋದೆ. ಫಕೀರಪ್ಪ ಇನ್ನೂ ಹೊಲಿಯುತ್ತಾನೆ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು. ನನ್ನನ್ನು ಕಂಡವನೇ, "ಏನೋ ಶೇಖರ, ಪೆನ್ಶನ್ ಮುಗೀತೇನು? ಪ್ಯಾಂಟ್ ಬಿಗಿ ಮಾಡಿಸಾಕ ಬಂದಿಯೇನು?" ಎಂದ. ಕೈ ಹಿಡಿದು ಎಬ್ಬಿಸಿ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಎರಡು ಚಹಾ ಹೇಳಿದೆ. ಅವನ ಲೋಟವನ್ನು ನಾನೇ ತಂದು ಅವನ ಮುಂದಿಟ್ಟೆ.

ಫಕೀರಪ್ಪ ಲೋಟ ನೋಡಿದ, ನನ್ನ ಮುಖ ನೋಡಿದ. ಎರಡೂ ಕನ್ನಡಕ ತೆಗೆದ.

"ಇದು ಯಾವ ಊರಿನ ಚಹಾಲೇ?"

"ಮುಂಡರಗಿದು," ಎಂದೆ.

 ರಸ್ತೆಯಲ್ಲಿ ಲಕ್ಷ್ಮೇಶ್ವರದ ಬಸ್ಸು ಹೋಯಿತು. ಧೂಳು ಅಡಗುವವರೆಗೆ ಅವನು ಅದನ್ನೇ ನೋಡುತ್ತಿದ್ದ.

"ಬಸ್ಸಿನ್ಯಾಗ ಚಾಚಾ ಎರಡ ಸಲ ಅಂದಿದ್ದು ನಾ ಕೇಳಿದ್ದೆ," ಎಂದ ಕೊನೆಗೆ. "ನೀ ಕಮಾನ ಎತ್ತಿದಿ, ನನ್ನ ಕೈ ತಾನ ತಿಹಾಯಿ ಹೊಡೀತು. ಹೊಡದ ಮ್ಯಾಲ ಗೊತ್ತಾತು. ನಾ ಠೇಕಾ ಹಿಡಕೊಂಡು ಅಲ್ಲೇ ನಿಂತಿದ್ರ ನೀನ ತಿರುಗಿ ಬರತಿದ್ದಿ. ನಿಲ್ಲಲಿಲ್ಲ ನಾ."

"ಶಿವಪ್ಪಗ?"

"ಅವಗೂ ಗೊತ್ತಿತ್ತು. ಅದಕ ಮಗ್ಗಾ ನಿಲ್ಲಿಸ್ಲಿಲ್ಲ ಅಂವ. ಚಾಚಾನ ಮಾರಿ ನೋಡಾಕ ಆಗ್ತಿರಲಿಲ್ಲ ಅವಗ."

"ಚಾಚಾ ಯಾಕ ಹೇಳ್ಲಿಲ್ಲೋ ಮಾಲಕರಿಗೆ? ಒಂದ ಮಾತು."

"ನಾನೂ ಕೇಳ್ದೆ ಒಮ್ಮೆ. ಗಾದಿ ತರಾಕ ಹೋದಾಗ. ನಕ್ಕ. 'ಮೂರ ಮಂದಿ ಹ್ವಾದ್ರಿ, ನಾ ನಿಂತೆ. ನಿಂತಾಂವ ತಪ್ಪಿದಾಂವ. ನಾನ ಕಲಿಸಿದ್ದಲ್ಲೇನೋ ನಿಮಗ' ಅಂದ." ಫಕೀರಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಆಮ್ಯಾಲ ಅಂದ, 'ಶೇಖರಾಗ ಹೇಳಬ್ಯಾಡ. ಅವಗ ನೌಕರಿ ಸಿಕ್ಕೈತಿ. ಚಿಂತಿ ಮಾಡ್ಕೋತ ಹೋಗೂದ ಬ್ಯಾಡ.'"

ಆ ಎರಡು ಸಾಲನ್ನು ಮಸಿಯಿಂದ ಗೀಚಿದಾಗ ನನಗೂ ಗೊತ್ತಿತ್ತೇ ಎಂದು ಅವನನ್ನು ಕೇಳಬೇಕೆನಿಸಿತು. ಅವನಿಗೆ ಹೇಗೆ ಗೊತ್ತಿರುತ್ತದೆ? ಕೇಳಲಿಲ್ಲ. ಚಹಾ ಕುಡಿದೆವು. ಬಹಳ ಸಿಹಿಯಾಗಿತ್ತು. ನಾನು ಏಳಲು ಹೋದೆ.

"ಕುಂಡ್ರಲೇ," ಎಂದ ಫಕೀರಪ್ಪ. ಗಲ್ಲಾದ ಕಡೆ ತಿರುಗಿ ಕೈ ಎತ್ತಿ, "ಇನ್ನೆರಡು ಕೊಡ್ರಿ ಇಲ್ಲೆ," ಎಂದು ಕೂಗಿದ.

ಬಂದ ಲೋಟವನ್ನು ನನ್ನ ಮುಂದಕ್ಕೆ ಸರಿಸಿದ.

"ಇದು ನಂದು."